ತಿಂಗಳಿಗೊಂದು ಕಂತು

ಕೇಳುಗರಿಗೆ ನಮಸ್ಕಾರ.

ಪಾಶ್ಚಾತ್ಯ ಕಾದಂಬರಿ ಅಂದರೆ ತುಂಬ ಜನರಿಗೆ ಒಂದು ಅಳುಕು. ಗ್ರಂಥಾಲಯದ ಕಪಾಟಿನಲ್ಲಿ ಇಟ್ಟಿಗೆಯ ಹಾಗೆ ಕೂತಿರುತ್ತವೆ. 800 ಪುಟ, ಸಾವಿರ ಪುಟ. ಕೈಗೆ ತೆಗೆದುಕೊಳ್ಳುತ್ತೇವೆ, ತೂಕ ನೋಡುತ್ತೇವೆ, ಮತ್ತೆ ಅಲ್ಲೇ ಇಟ್ಟು ಬರುತ್ತೇವೆ. ಆದರೆ ಅವುಗಳಲ್ಲಿ ಬಹಳಷ್ಟು ಪುಸ್ತಕಗಳು ಮೊದಲು ಓದುಗರ ಕೈಗೆ ಬಂದದ್ದು ತೆಳ್ಳಗಿನ ಕಂತುಗಳಾಗಿ. 19ನೇ ಶತಮಾನದಲ್ಲಿ ಕಾದಂಬರಿ ಅಷ್ಟು ಸೊಂಪಾಗಿ ಬೆಳೆದದ್ದಕ್ಕೆ ಈ ಕಂತುಗಳೇ ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ. ಇವತ್ತು ಅದನ್ನೇ ಹೇಳಬೇಕು.

ಕಾದಂಬರಿ ಅದಕ್ಕೂ ಹಿಂದೆಯೇ ಹುಟ್ಟಿತ್ತು. ಸ್ಪೇನಿನ ಸರ್ವಾಂಟಿಸ್ ಬರೆದ ಡಾನ್ ಕ್ವಿಕ್ಸಾಟ್ ಮೊದಲ ಭಾಗ ಬಂದದ್ದು 1605ರಲ್ಲಿ. ಇಂಗ್ಲೆಂಡಿನಲ್ಲಿ ಡೆಫೋ ಬರೆದ ರಾಬಿನ್ಸನ್ ಕ್ರೂಸೋ 1719ರಲ್ಲಿ. ಆದರೆ ಪುಸ್ತಕ ಕೊಳ್ಳುವುದು ಸಾಮಾನ್ಯರ ಕೈಗೆ ಎಟುಕುವ ಮಾತಾಗಿರಲಿಲ್ಲ. 1820ರ ದಶಕದಿಂದ ಇಂಗ್ಲೆಂಡಿನಲ್ಲಿ ಹೊಸ ಕಾದಂಬರಿ ಅಂದರೆ ಮೂರು ಸಂಪುಟ, ಬೆಲೆ 31 ಶಿಲಿಂಗ್ 6 ಪೆನ್ಸ್. ಹೊಲದ ಕೂಲಿಯವನು ವಾರವೆಲ್ಲ ದುಡಿದರೂ ಅದರ ಅರ್ಧ ಕೂಡ ಸಿಗುತ್ತಿರಲಿಲ್ಲ. ಆಮೇಲೆ 1842ರಲ್ಲಿ ಚಾರ್ಲ್ಸ್ ಮ್ಯೂಡಿ ಲಂಡನ್ನಿನಲ್ಲಿ ಬಾಡಿಗೆ ಗ್ರಂಥಾಲಯ ಶುರು ಮಾಡಿದ. ವರ್ಷಕ್ಕೆ 21 ಶಿಲಿಂಗ್ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ. ಮಧ್ಯಮ ವರ್ಗದವರಿಗೆ ಅದು ಸಾಕಾಯಿತು. ಉಳಿದವರಿಗೆ ಅದೂ ದೂರವೇ.

ಅವರ ಮನೆಬಾಗಿಲಿಗೆ ಕಾದಂಬರಿ ಬಂದದ್ದು ಬೇರೆ ದಾರಿಯಲ್ಲಿ. 1836ರಲ್ಲಿ ಚಾಪ್‌ಮನ್ ಅಂಡ್ ಹಾಲ್ ಎಂಬ ಪ್ರಕಾಶಕರ ಮುಂದೆ ಒಂದು ಯೋಚನೆ ಬಂತು. ರಾಬರ್ಟ್ ಸೀಮರ್ ಅಂತ ಹೆಸರಾದ ಚಿತ್ರಗಾರ. ಅವನ ತಮಾಷೆ ಚಿತ್ರಗಳಿಗೆ ಯಾರಾದರೂ ನಾಲ್ಕು ಮಾತು ಬರೆದುಕೊಡಬೇಕು, ತಿಂಗಳಿಗೊಂದು ಸಂಚಿಕೆ ತರಬೇಕು. ಬರೆಯೋದಕ್ಕೆ ಸಿಕ್ಕಿದವನು 24 ವರ್ಷದ ಪತ್ರಿಕಾ ವರದಿಗಾರ ಚಾರ್ಲ್ಸ್ ಡಿಕನ್ಸ್. ಮೊದಲ ಸಂಚಿಕೆ ಬಂದ ಕೆಲವೇ ವಾರಗಳಲ್ಲಿ ಸೀಮರ್ ತೀರಿಕೊಂಡ. ಇನ್ನೊಬ್ಬರಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತೇನೋ. ಡಿಕನ್ಸ್ ನಿಲ್ಲಿಸಲಿಲ್ಲ. ನಾಲ್ಕು ಚಿತ್ರ ಇದ್ದಲ್ಲಿ ಎರಡಾಯಿತು, 24 ಪುಟ ಇದ್ದಲ್ಲಿ 32 ಆಯಿತು. ಚಿತ್ರಕ್ಕೆ ಮಾತು ಸೇರಿಸುವ ಕೆಲಸ ಹೋಗಿ, ಕಥೆಗೆ ಚಿತ್ರ ಬರೆಸುವ ಕೆಲಸ ಬಂತು. ಹಸಿರು ಹೊದಿಕೆ, ಬೆಲೆ ಒಂದು ಶಿಲಿಂಗ್. ಅದೇ ಪಿಕ್‌ವಿಕ್ ಪೇಪರ್ಸ್.

ಮೊದಮೊದಲು ಮಾರಾಟ ಅಷ್ಟಕ್ಕಷ್ಟೇ. ನಾಲ್ಕನೇ ಸಂಚಿಕೆಯಲ್ಲಿ ಒಂದು ಛತ್ರದ ಅಂಗಳದಲ್ಲಿ ಬೂಟು ಪಾಲಿಷ್ ಮಾಡುವ ಸ್ಯಾಮ್ ವೆಲ್ಲರ್ ಎಂಬ ಹುಡುಗ ಬಂದ. ಬಾಯಿ ತೆಗೆದರೆ ಒಂದು ಗಾದೆ, ಒಂದು ಚುಚ್ಚುಮಾತು. ಜನ ಮರುಳಾಗಿಬಿಟ್ಟರು. ಮುಗಿಯುವ ಹೊತ್ತಿಗೆ ತಿಂಗಳಿಗೆ ಸುಮಾರು 40,000 ಪ್ರತಿ ಹೋಗುತ್ತಿತ್ತು.

ಓದಲು ಬಾರದವರಿಗೂ ಅದು ತಲುಪಿತು. ನನಗೆ ತುಂಬ ಪ್ರಿಯವಾದ ಒಂದು ಪ್ರಸಂಗ ಡಿಕನ್ಸ್‌ನ ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿದೆ. 1846ರಿಂದ 48ರವರೆಗೆ ಡಿಕನ್ಸ್‌ನ ಡಾಂಬಿ ಅಂಡ್ ಸನ್ ಕಾದಂಬರಿ ಕಂತುಗಳಲ್ಲಿ ಬರುತ್ತಿತ್ತು. ಮನೆಗೆಲಸ ಮಾಡುವ ಒಬ್ಬ ಮುದುಕಿಗೆ ಅದರ ಕಥೆಯೆಲ್ಲ ಗೊತ್ತಿತ್ತು. ಅವಳಿಗೆ ಅಕ್ಷರ ಬಾರದು. ಅವಳಿದ್ದದ್ದು ಒಂದು ನಶ್ಯದ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಪ್ರತಿ ತಿಂಗಳ ಮೊದಲ ಸೋಮವಾರ ಅಂಗಡಿಯ ಯಜಮಾನ ಬಾಡಿಗೆದಾರರನ್ನೆಲ್ಲ ಕೂರಿಸಿಕೊಂಡು ಹೊಸ ಕಂತನ್ನು ಗಟ್ಟಿಯಾಗಿ ಓದುತ್ತಿದ್ದ. ದುಡ್ಡು ಹಾಕಿದವರಿಗೆ ಚಹಾ. ಹಾಕದವರಿಗೆ ಚಹಾ ಇಲ್ಲ, ಕಥೆ ಮಾತ್ರ ಎಲ್ಲರಿಗೂ. ಇದನ್ನು ಬರೆದವನು ಒಬ್ಬನೇ ಅಂತ ಗೊತ್ತಾದಾಗ ಮುದುಕಿಗೆ ಆಶ್ಚರ್ಯವೋ ಆಶ್ಚರ್ಯ. ಮೂರು ನಾಲ್ಕು ಜನ ಸೇರಿ ಕಟ್ಟಿದ್ದಾರೆ ಅಂದುಕೊಂಡಿದ್ದಳಂತೆ! ಯಾವ ವಿಮರ್ಶಕನಿಂದಲೂ ಡಿಕನ್ಸ್‌ಗೆ ಇಂಥ ಹೊಗಳಿಕೆ ಸಿಕ್ಕಿರಲಾರದು.

ಕಂತಿನಲ್ಲಿ ಬರೆಯುವವನಿಗೆ ಒಂದು ಕಷ್ಟ ಇತ್ತು. ಹೋದ ತಿಂಗಳು ಬಂದ ಪಾತ್ರ ಈ ತಿಂಗಳು ನೆನಪಿರಬೇಕಲ್ಲ. ಹಾಗಾಗಿ ಡಿಕನ್ಸ್ ಒಬ್ಬೊಬ್ಬರಿಗೂ ಒಂದು ಗುರುತು ಕೊಡುತ್ತಿದ್ದ. ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಕಾದಂಬರಿಯ ವಕೀಲ ಜಾಗರ್ಸ್ ತೋರುಬೆರಳು ಕಚ್ಚುತ್ತಾನೆ, ಅವನ ಕೈಯಿಂದ ಯಾವಾಗಲೂ ಸೋಪಿನ ವಾಸನೆ. ಒಂದೇ ಉಸಿರಿನಲ್ಲಿ ಓದುವವರಿಗೆ ಇದು ಸ್ವಲ್ಪ ಅತಿ ಅನ್ನಿಸಬಹುದು. ಬಿಟ್ಟು ಬಿಟ್ಟು ಓದಿ ನೋಡಿ, ಅದು ಎಷ್ಟು ಬೇಕಾಗಿತ್ತು ಅಂತ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಕಥೆ ಮುಗಿಯುವ ಮೊದಲೇ ಓದುಗರು ಮಾತಾಡುತ್ತಿದ್ದರು. ಡೇವಿಡ್ ಕಾಪರ್‌ಫೀಲ್ಡ್‌ನಲ್ಲಿ ಮಿಸ್ ಮೌಚರ್ ಅಂತ ಒಬ್ಬ ಕುಳ್ಳ ಹೆಂಗಸು ಬರುತ್ತಾಳೆ. ಕೆಟ್ಟವಳಾಗಬೇಕಿದ್ದ ಪಾತ್ರ. ಅವಳ ಹಾಗೆಯೇ ಇದ್ದ ಒಬ್ಬ ಮಹಿಳೆ ಆ ಕಂತು ಓದಿ ನೊಂದು ಡಿಕನ್ಸ್‌ಗೆ ಪತ್ರ ಬರೆದರು. ತನ್ನ ರೂಪವನ್ನು ಹೀಗೆ ಬಳಸಿಕೊಂಡಿರಲ್ಲ ಅಂತ ಅವರಿಗೆ ದುಃಖ. ಡಿಕನ್ಸ್ ಕ್ಷಮೆ ಕೇಳಿದ, ಮುಂದಿನ ಕಂತೊಂದರಲ್ಲಿ ಆ ಪಾತ್ರವನ್ನೇ ತಿರುಗಿಸಿಬಿಟ್ಟ. ಮಿಸ್ ಮೌಚರ್ ಒಳ್ಳೆಯವಳಾದಳು. ಅಚ್ಚಾಗಿ ಮುಗಿದ ಪುಸ್ತಕದಲ್ಲಿ ಇದು ಸಾಧ್ಯವಿತ್ತಾ?

ಫ್ರಾನ್ಸಿನಲ್ಲೂ ಅದೇ 1836ರಲ್ಲಿ ಲಾ ಪ್ರೆಸ್ ಎಂಬ ಅಗ್ಗದ ದಿನಪತ್ರಿಕೆ ಬಾಲ್ಜಾಕ್‌ನ ಕಾದಂಬರಿಯನ್ನು ದಿನದಿನವೂ ಹಾಕಿತು. ಡ್ಯೂಮಾ ಬರೆದ ತ್ರೀ ಮಸ್ಕೆಟಿಯರ್ಸ್ 1844ರಲ್ಲಿ ಪತ್ರಿಕೆಯಲ್ಲೇ ಬಂತು. ಫ್ಲೋಬೇರ್‌ನ ಮದಾಮ್ ಬೊವಾರಿ ಪತ್ರಿಕೆಯಲ್ಲಿ ಬಂದದ್ದಕ್ಕೆ ಲೇಖಕನೇ 1857ರಲ್ಲಿ ಕೋರ್ಟು ಹತ್ತಬೇಕಾಯಿತು. ಬಿಡುಗಡೆಯೂ ಆಯಿತು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ರಷ್ಯಾದಲ್ಲಿ. ಮಾಸ್ಕೋದಲ್ಲಿ ಕಾಟ್ಕೋವ್ ಎಂಬಾತ ರಷ್ಯನ್ ಮೆಸೆಂಜರ್ ಅನ್ನುವ ಮಾಸಪತ್ರಿಕೆ ನಡೆಸುತ್ತಿದ್ದ. 1866ರ ಶುರುವಿನ ಸಂಚಿಕೆಗಳನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಒಂದೇ ಪತ್ರಿಕೆಯಲ್ಲಿ ದೊಸ್ತೊಯೆವ್‌ಸ್ಕಿಯ ಅಪರಾಧ ಮತ್ತು ಶಿಕ್ಷೆ, ಜೊತೆಗೆ ಟಾಲ್‌ಸ್ಟಾಯ್ ಅವರ ಯುದ್ಧ ಮತ್ತು ಶಾಂತಿಯ ಅಧ್ಯಾಯಗಳು!

ಅದೇ ವರ್ಷ ದೊಸ್ತೊಯೆವ್‌ಸ್ಕಿ ದೊಡ್ಡ ಇಕ್ಕಟ್ಟಿಗೆ ಸಿಕ್ಕಿದ್ದ. ತಲೆತುಂಬ ಸಾಲ. ಸ್ಟೆಲ್ಲೋವ್‌ಸ್ಕಿ ಎಂಬ ಪ್ರಕಾಶಕನಿಗೆ ನವೆಂಬರ್ 1ರೊಳಗೆ ಒಂದು ಹೊಸ ಕಾದಂಬರಿ ಕೊಡಬೇಕು. ತಪ್ಪಿದರೆ ಮುಂದಿನ ಒಂಬತ್ತು ವರ್ಷ ಅವನು ಬರೆದದ್ದನ್ನೆಲ್ಲ ಒಂದು ಕಾಸೂ ಕೊಡದೆ ಅಚ್ಚು ಹಾಕುವ ಹಕ್ಕು ಪ್ರಕಾಶಕನದು. ಅಕ್ಟೋಬರ್ ಬಂದರೂ ಒಂದು ಸಾಲೂ ಬರೆದಿರಲಿಲ್ಲ. ಆಗ ಅನ್ನಾ ಗ್ರಿಗೋರಿಯೆವ್ನಾ ಎಂಬ 20ರ ಹುಡುಗಿ ಶೀಘ್ರಲಿಪಿಗೆ ಬಂದಳು. ಹಗಲು ಅವನು ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು. ರಾತ್ರಿ ಮನೆಯಲ್ಲಿ ಶುದ್ಧಪ್ರತಿ ಮಾಡುತ್ತಿದ್ದಳು. 26 ದಿನದಲ್ಲಿ ದ ಗ್ಯಾಂಬ್ಲರ್ ಮುಗಿಯಿತು. ಕೊಡಲು ಹೋದರೆ ಪ್ರಕಾಶಕ ಊರಲ್ಲೇ ಇಲ್ಲ. ಕೊನೆಗೆ ಪೊಲೀಸ್ ಅಧಿಕಾರಿಯ ಹತ್ತಿರ ಹಸ್ತಪ್ರತಿ ಒಪ್ಪಿಸಿ ರಸೀದಿ ಪಡೆದ. ಮುಂದಿನ ಫೆಬ್ರುವರಿಯಲ್ಲಿ ಅನ್ನಾಳನ್ನೇ ಮದುವೆಯಾದ. ಆಮೇಲೆ ಅವನ ಲೆಕ್ಕಪತ್ರ, ಪ್ರಕಾಶನ ಎಲ್ಲ ಸರಿಯಾದದ್ದು ಅವಳಿಂದ. ಈ ಹೆಣ್ಣುಮಗಳ ಹೆಸರು ನಾವು ಇನ್ನೂ ಜಾಸ್ತಿ ಹೇಳಬೇಕು.

ಕಂತಿಗೆ ಸಂಪಾದಕನ ಹಂಗೂ ಇತ್ತು. ಅನ್ನಾ ಕರೆನಿನಾ 1875ರಿಂದ ಅದೇ ಪತ್ರಿಕೆಯಲ್ಲಿ ಬರುತ್ತಿತ್ತು. 1877ರಲ್ಲಿ ಕೊನೆಯ ಭಾಗ ಬಂದಾಗ, ಸರ್ಬಿಯಾದ ಯುದ್ಧಕ್ಕೆ ಹೊರಟ ಸ್ವಯಂಸೇವಕರ ಬಗ್ಗೆ ಟಾಲ್‌ಸ್ಟಾಯ್ ಬರೆದದ್ದು ಕಾಟ್ಕೋವ್‌ಗೆ ಸರಿಬರಲಿಲ್ಲ. ಅಚ್ಚು ಹಾಕುವುದಿಲ್ಲ ಅಂದ. ಟಾಲ್‌ಸ್ಟಾಯ್ ಅದಕ್ಕೆ ಬಗ್ಗದೆ ಆ ಭಾಗವನ್ನು ತಾವೇ ಬೇರೆಯಾಗಿ ಮುದ್ರಿಸಿದರು. ದೇಜಗೌ ಅವರ ಕನ್ನಡ ಅನುವಾದಗಳಲ್ಲಿ ಟಾಲ್‌ಸ್ಟಾಯ್ ಅವರನ್ನು ಓದಿದವರಿಗೆ ಈ ಹಟ ಹೊಸದೇನಲ್ಲ.

ನಮ್ಮಲ್ಲೂ ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತವರು ಬೇಕಾದಷ್ಟು ಜನ. ಅವರಿಗೆ ಈ ಪುಸ್ತಕಗಳು ಖಂಡಿತ ಕಷ್ಟವಾಗಲಾರವು. ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ನಾನು ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಅನ್ನುತ್ತೇನೆ. ಡಿಕನ್ಸ್ ತನ್ನದೇ ವಾರಪತ್ರಿಕೆಯ ಮಾರಾಟ ಕುಸಿದಾಗ ಅದನ್ನು ಎತ್ತಿ ನಿಲ್ಲಿಸಲು ಬರೆದದ್ದು. 1860ರ ಡಿಸೆಂಬರ್ 1ರಿಂದ 36 ವಾರ ಬಂತು. ಒಟ್ಟು 59 ಅಧ್ಯಾಯ. ವಾರಕ್ಕೆ ಒಂದೋ ಎರಡೋ ಸಾಕು. ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿದರೆ ಇನ್ನೂ ಚೆನ್ನ. ಇದರ ಮುಕ್ತಾಯವನ್ನು ಡಿಕನ್ಸ್ ಗೆಳೆಯನೊಬ್ಬನ ಮಾತು ಕೇಳಿ ಅಚ್ಚಿಗೆ ಮೊದಲು ಬದಲಿಸಿದ. ಎರಡೂ ಮುಕ್ತಾಯ ಇರುವ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ನನಗೆ ಅವನು ಮೊದಲು ಬರೆದದ್ದೇ ಇಷ್ಟ. ನಿಮಗೆ ಯಾವುದು ಹಿಡಿಸಿತು ಅಂತ ಆಕಾಶವಾಣಿಗೆ ಒಂದು ಪತ್ರ ಬರೆದು ತಿಳಿಸಿ.

ನಮಸ್ಕಾರ.