ಮೊದಲು ಚಿಕ್ಕಬೆಟ್ಟ ಹತ್ತಿ: ಶ್ರವಣಬೆಳಗೊಳದಿಂದ ಜೈನಧರ್ಮದ ಕಡೆಗೆ

(ದೃಶ್ಯ: ಕಲ್ಯಾಣಿ, ಅದರ ಎರಡೂ ಬದಿಗೆ ಎರಡು ಬೆಟ್ಟಗಳು)

ನಮಸ್ಕಾರ. ಹಾಸನದ ಕಡೆಯವರಿಗೆ ಶ್ರವಣಬೆಳಗೊಳ ಎಂದರೆ ಶಾಲೆಯ ಪ್ರವಾಸ. ಚಪ್ಪಲಿ ಕೆಳಗೇ ಬಿಟ್ಟು, ಕಾದ ಬಂಡೆಯ ಮೇಲೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಗೊಮ್ಮಟನ ಎದುರು ಫೋಟೊ ತೆಗೆಸಿಕೊಂಡು ಇಳಿದರೆ ಮುಗಿಯಿತು. ಎದುರಿನ ಚಿಕ್ಕಬೆಟ್ಟದ ಕಡೆಗೆ ಮೇಷ್ಟರೂ ಕೈ ತೋರಿಸುವುದಿಲ್ಲ. ನಾವು ಅಲ್ಲಿಂದಲೇ ಶುರು ಮಾಡೋಣ.

(ದೃಶ್ಯ: ಬಂಡೆಯ ಮೇಲಿನ ಹಳಗನ್ನಡ ಅಕ್ಷರಗಳು, ತೀರ ಹತ್ತಿರದಿಂದ)

ಉತ್ತರದಲ್ಲಿ ಹನ್ನೆರಡು ವರ್ಷಗಳ ಬರ ಬರಲಿದೆ ಎಂದರಿತ ಭದ್ರಬಾಹು ಮುನಿಗಳು ಸಂಘದೊಡನೆ ದಕ್ಷಿಣಕ್ಕೆ ಬಂದರು, ಚಂದ್ರಗುಪ್ತ ಮೌರ್ಯ ಸಿಂಹಾಸನ ಬಿಟ್ಟು ಜೊತೆಗೆ ನಡೆದ, ಇಲ್ಲಿಯೇ ದೇಹ ಬಿಟ್ಟ ಎಂಬುದು ಜೈನರ ಪರಂಪರೆ. ಇತಿಹಾಸಕಾರರೆಲ್ಲ ಇದನ್ನು ಒಪ್ಪುವುದಿಲ್ಲ. ಆದರೆ ಆ ಬರದ, ಆ ವಲಸೆಯ ಮಾತು ಸುಮಾರು ಕ್ರಿ.ಶ. 600ರ ಶಾಸನದಲ್ಲಿಯೇ ಇದೆ.

ನನಗೆ ಇಷ್ಟವಾದದ್ದು ಇನ್ನೊಂದು ಶಾಸನ. 'ಸುರಚಾಪಂಬೋಲೆ' ಎಂದು ಆರಂಭವಾಗುತ್ತದೆ. ರೂಪ, ಹಣ, ವೈಭವ ಎಲ್ಲವೂ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಮರೆಯಾಗುತ್ತವೆ ಎಂದುಕೊಂಡು ನಂದಿಸೇನ ಮುನಿಗಳು ದೇಹ ತೊರೆದ ಸುದ್ದಿ ಅದು. ಸಾವಿನ ಲೆಕ್ಕ ಬರೆಯುವಾಗಲೂ ನಮ್ಮವರು ಕವಿತೆ ಬರೆದರು ನೋಡಿ! ಊಟವನ್ನು ಹಂತಹಂತವಾಗಿ ಬಿಟ್ಟು ಪ್ರಾಣ ತ್ಯಜಿಸುವ ಈ ವ್ರತಕ್ಕೆ ಸಲ್ಲೇಖನ ಎಂದು ಹೆಸರು.

ಇಷ್ಟು ಕಠಿಣ ವ್ರತ ಯಾಕೆ? ಜೈನರ ಪ್ರಕಾರ ಲೋಕವನ್ನು ಸೃಷ್ಟಿಸಿದ ದೇವರಿಲ್ಲ. ಬೇಡಿಕೊಂಡರೆ ಪಾಪ ಮನ್ನಾ ಮಾಡುವವರೂ ಇಲ್ಲ. ಕರ್ಮ ಎಂದರೆ ಸೂಕ್ಷ್ಮ ಕಣಗಳು. ಎಣ್ಣೆ ಹಚ್ಚಿದ ಮೈಗೆ ಧೂಳು ಹತ್ತುವಂತೆ ಅವು ಜೀವಕ್ಕೆ ಹತ್ತುತ್ತವೆ. ಕ್ರೋಧ, ಮಾನ (ಅಂದರೆ ಅಹಂಕಾರ), ಮಾಯೆ (ಅಂದರೆ ಕಪಟ), ಲೋಭ, ಈ ನಾಲ್ಕೇ ಆ ಎಣ್ಣೆ. ಧೂಳನ್ನು ಅವರವರೇ ಉದುರಿಸಿಕೊಳ್ಳಬೇಕು. ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಆಸ್ತಿಗೆ ಅಂಟಿಕೊಳ್ಳದಿರುವುದು) ಎಂಬ ವ್ರತಗಳು ಅದಕ್ಕಾಗಿಯೇ: ಮುನಿಗಳಿಗೆ ಪೂರ್ತಿಯಾಗಿ, ಸಂಸಾರಿಗಳಿಗೆ ತುಸು ಸಡಿಲವಾಗಿ. ಅದೇ ಅಹಿಂಸೆಗಾಗಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ, ಹುಳಿಗೆ ಆಲೂಗಡ್ಡೆ ಹಾಕದ ಜೈನರ ಮನೆಗಳನ್ನು ನೀವೂ ನೋಡಿರುತ್ತೀರಿ.

ಈ ದಾರಿ ತೋರಿಸಿದವರು ಇಪ್ಪತ್ತನಾಲ್ಕು ತೀರ್ಥಂಕರರು. ಮಹಾವೀರ ಕೊನೆಯವನು, ಅವನನ್ನು ಸ್ಥಾಪಕ ಎಂದರೆ ಜೈನರು ಒಪ್ಪುವುದಿಲ್ಲ.

(ದೃಶ್ಯ: ದೊಡ್ಡಬೆಟ್ಟ, ಗೊಮ್ಮಟನ ಪಾದಗಳು)

ಈಗ ಗೊಮ್ಮಟ. ಇವನು ತೀರ್ಥಂಕರನಲ್ಲ! ಮೊದಲ ತೀರ್ಥಂಕರ ವೃಷಭನಾಥನ ಮಗ ಬಾಹುಬಲಿ. ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ಗೆದ್ದ ರಾಜ್ಯ ಸಾಕೆನಿಸಿ ತಪಸ್ಸಿಗೆ ನಿಂತವನು. ಕಾಲ ಬಳಿ ಹುತ್ತ, ತೋಳಿನವರೆಗೆ ಹಬ್ಬಿದ ಬಳ್ಳಿ. ಸುಮಾರು 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ ಈ ಮೂರ್ತಿಯ ಎತ್ತರ ಸುಮಾರು 58 ಅಡಿ.

ಇಷ್ಟು ಮಾಡಿಸಿದವನಿಗೆ ಹೆಮ್ಮೆ ಬಾರದಿರುತ್ತದೆಯೇ? ಐತಿಹ್ಯದ ಪ್ರಕಾರ, ಅವನು ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಪಾದ ಮುಟ್ಟಲಿಲ್ಲ. ಯಾರೋ ಒಬ್ಬ ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಇಡೀ ಮೂರ್ತಿಯನ್ನು ತೋಯಿಸಿ ಕೆಳಗೆ ಹರಿಯಿತು. ಮೇಲೆ ಹೇಳಿದ ನಾಲ್ಕರಲ್ಲಿ ಎರಡನೆಯದು ನೆನಪಿದೆಯಲ್ಲ?

ಗೊಮ್ಮಟನ ಎದುರು, ಪ್ರಾಕಾರದ ಬಾಗಿಲಾಚೆ ಆ ಗುಳ್ಳಕಾಯಜ್ಜಿ ಈಗಲೂ ಕಲ್ಲಾಗಿ ನಿಂತಿದ್ದಾಳೆ. ಫೋಟೊದ ಗಡಿಬಿಡಿಯಲ್ಲಿ ಅವಳಿಗೆ ಬೆನ್ನು ಹಾಕಿ ನಿಲ್ಲಬೇಡಿ.