ಬಾಞ್: ಬಿಡುಗಡೆಯಾದರೂ ತೀರದ ಸಜೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಮುರಿಯುವ ಕೆಲಸ ಬಿದ್ದಾಗ ಫ್ರೆಂಚರು ‘ಕೆಲ್ ಬಾಞ್!’ ಎಂದು ಗೊಣಗುವುದುಂಟು. ಎಂಥ ಕತ್ತೆದುಡಿತ ಎಂಬಷ್ಟೇ ಈಗ ಅದರ ಅರ್ಥ. ಹಿಂದೆ ಮಾತ್ರ ಆ ಪದ ಕೇಳಿದರೆ ಎದೆ ನಡುಗುತ್ತಿತ್ತು.

ಬಾಞ್ ಅಂದರೆ ಕೈದಿಗಳನ್ನು ಬಲವಂತವಾಗಿ ದುಡಿಸುವ ತಾಣ. ಇಟಲಿಯ ‘ಬಾನ್ಯೊ’, ಅಂದರೆ ಸ್ನಾನಗೃಹ, ಇದರ ಮೂಲ. ಇಸ್ತಾನ್‌ಬುಲ್‌ನಲ್ಲಿ ಹಳೆಯ ಸ್ನಾನಗೃಹವೊಂದರ ಬಳಿ ಸೆರೆಯಾಳುಗಳನ್ನು ಕೂಡಿಹಾಕುತ್ತಿದ್ದುದರಿಂದ ಈ ಹೆಸರು ಬಂತೆನ್ನುತ್ತಾರೆ. ಕೈದಿಗಳು ಹುಟ್ಟು ಹಾಕಿ ನಡೆಸುತ್ತಿದ್ದ ಹಡಗುಗಳ ಪ್ರತ್ಯೇಕ ದಳವನ್ನು 1748ರಲ್ಲಿ ಫ್ರಾನ್ಸ್ ರದ್ದುಮಾಡಿತು. ಅಲ್ಲಿನ ಕೈದಿಗಳು ತೂಲೋನ್, ಬ್ರೆಸ್ಟ್‌ನಂಥ ಬಂದರುಗಳಲ್ಲಿ ಕಾಲಿಗೆ ಸರಪಳಿ ಹೊತ್ತು ದುಡಿಯತೊಡಗಿದರು. ಅವಧಿಯ ಸಜೆಯವರಿಗೆ ಕೆಂಪು ಟೋಪಿ, ಜೀವಾವಧಿಯವರಿಗೆ ಹಸಿರು. 1832ರಲ್ಲಿ ನಿಲ್ಲುವವರೆಗೂ ಅವರ ಭುಜದ ಮೇಲೆ ಕಾದ ಕಬ್ಬಿಣದಿಂದ ಅಕ್ಷರಗಳ ಬರೆ ಎಳೆಯುತ್ತಿದ್ದರು.

ಆಮೇಲೆ ಬಾಞ್ ಸಮುದ್ರ ದಾಟಿತು. 1852ರಿಂದ ಕೈದಿಗಳನ್ನು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾಕ್ಕೆ, 1864ರಿಂದ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪಕ್ಕೂ ಸಾಗಿಸಿದರು. ನಮ್ಮ ಕರಿನೀರಿನ ಶಿಕ್ಷೆಯೇ ಇದಕ್ಕೆ ಹತ್ತಿರದ ಮಾತು. ಬರೀ ‘ಸೆರೆಮನೆ’ ಎಂದು ಅನುವಾದಿಸಿದರೆ ಅದರ ಕ್ರೌರ್ಯವೇ ಕಾಣೆಯಾಗುತ್ತದೆ.

ಯಾಕೆಂದರೆ, 1854ರ ಕಾನೂನಿನಲ್ಲಿ ‘ದುಬ್ಲಾಜ್’ ಎಂಬ ನಿಯಮವಿತ್ತು. ಉದಾಹರಣೆಗೆ, ಐದು ವರ್ಷದ ಸಜೆ ಮುಗಿಸಿದವನು ಇನ್ನೂ ಐದು ವರ್ಷ ಆ ವಸಾಹತಿನಲ್ಲೇ ಇರಬೇಕು. ಸಜೆ ಎಂಟು ವರ್ಷ ಅಥವಾ ಹೆಚ್ಚಿದ್ದರೆ ಸಾಯುವವರೆಗೂ ಅಲ್ಲೇ! ಬಿಡುಗಡೆಯಾದವನಿಗೆ ಕೆಲಸ ಕೊಡುವವರಾರು? ಕೂಲಿಯಿಲ್ಲದೆ ದುಡಿಯುವ ಕೈದಿಗಳು ಪಕ್ಕದಲ್ಲೇ ಇರುವಾಗ ಇವನಿಗೆ ಸಂಬಳ ಕೊಡಲು ಯಾರೂ ಮುಂದಾಗುತ್ತಿರಲಿಲ್ಲ. ಒಳಗಿದ್ದಾಗ ಗಂಜಿಯಾದರೂ ಸಿಗುತ್ತಿತ್ತು. ಹೊರಗೆ ಬಂದರೆ ಅದೂ ಇಲ್ಲ. ಇಂಥವರು ಗಯಾನಾದ ಸೇಂಟ್ ಲೋರಾನ್ ಊರಿನ ಬೀದಿಗಳಲ್ಲೇ ಮಲಗಿ, ಜ್ವರ ಬಂದು ಸಾಯುತ್ತಿದ್ದರು. ಇದನ್ನು ನ್ಯಾಯ ಎಂದು ಕರೆಯಲು ನನಗಂತೂ ಸಾಧ್ಯವಿಲ್ಲ.

1923ರಲ್ಲಿ ಪತ್ರಕರ್ತ ಅಲ್ಬೇರ್ ಲೋಂದ್ರ್ ಅಲ್ಲಿಗೆ ಹೋಗಿ, ಕಣ್ಣಾರೆ ಕಂಡದ್ದನ್ನು ಪತ್ರಿಕೆಯಲ್ಲಿ ಬರೆದರು. ಫ್ರಾನ್ಸಿನ ಜನ ಬೆಚ್ಚಿಬಿದ್ದರು. ಆದರೂ ಕೈದಿಗಳ ಸಾಗಣೆ ಕಾನೂನಿನಲ್ಲಿ ರದ್ದಾಗಿದ್ದು 1938ರಲ್ಲಿ. ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯವರು ಅಲ್ಲಿ ಸಿಕ್ಕಿಬಿದ್ದವರಿಗೆ ಆಸರೆ ಕೊಟ್ಟು, ತಾಯ್ನಾಡಿಗೆ ಮರಳಲು ನೆರವಾದರು. ಕೊನೆಯ ತಂಡ ಫ್ರಾನ್ಸಿಗೆ ಮರಳಿದ್ದು 1953ರಲ್ಲಿ. ಊರಲ್ಲಿ ತಮ್ಮ ದಾರಿ ಕಾಯುವವರು ಯಾರೂ ಉಳಿದಿಲ್ಲವೆಂದು ಕೆಲವರು ಗಯಾನಾದಲ್ಲೇ ಉಳಿದರು.

ನಮಸ್ಕಾರ.