ಗೇಮ್‌ನಲ್ಲಿ ನಿಮ್ಮದೇ ಮುಖ: ಮೂಳೆ ಮೊದಲು, ಬಣ್ಣ ಆಮೇಲೆ

ನಮಸ್ಕಾರ. ಚಿಕ್ಕಮಗಳೂರಲ್ಲಿ ಮಳೆ ಹಿಡಿದಿದೆ, ಆಚೆ ಬರೀ ಮೋಡ. ಮುಖದ ಫೋಟೊ ತೆಗೆಯೋಕೆ ಇದಕ್ಕಿಂತ ಒಳ್ಳೇ ಬೆಳಕಿಲ್ಲ. ಗೇಮ್‌ನಲ್ಲಿ ನಿಮ್ಮನ್ನೇ ಹೋಲೋ ಅವತಾರ್ (ನೀವು ಆಡಿಸೋ ಪಾತ್ರ) ಬೇಕು ಅಂದ್ರೆ ಕೆಲಸ ಶುರುವಾಗೋದು ಫೋಟೊದಿಂದ.

ಸೆಲ್ಫಿ ಮಾತ್ರ ಬೇಡ. ಅಷ್ಟು ಹತ್ತಿರದಿಂದ ತೆಗೆದ್ರೆ ಮೂಗು ದಪ್ಪ, ಕಿವಿ ಚಿಕ್ಕದು ಕಾಣುತ್ತೆ. ಎರಡು ಮೀಟರ್ ದೂರದಿಂದ, ಕಣ್ಣಿನ ಮಟ್ಟದಲ್ಲಿ ಫೋನ್ ಹಿಡಿಸಿ, ಸ್ವಲ್ಪ ಜೂಮ್ ಮಾಡಿ ಎರಡು ತೆಗೆಸ್ಕೊಳ್ಳಿ: ನೇರ ಒಂದು, ಪಕ್ಕದಿಂದ ಒಂದು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ತೆಗೆದ್ರೆ ಕಣ್ಣಿನ ಕೆಳಗೆ ನೆರಳು ಕೂರುತ್ತೆ.

ಈಗ ಗೇಮ್ ಒಳಗೆ. ಎಲ್ರೂ ಮೊದಲು ಬಣ್ಣ, ಕೂದಲು ಆರಿಸ್ತಾರೆ. ನೀವು ತಲೆ ಬೋಳು ಮಾಡಿ, ಗಡ್ಡ ಮೀಸೆ ತೆಗೀರಿ. ದವಡೆ, ಕೆನ್ನೆಮೂಳೆ ಕೂರಿಸಿ. ಆಮೇಲೆ ಅಂತರ: ಕಣ್ಣಿಂದ ಕಣ್ಣಿಗೆ, ಮೂಗಿನ ಬುಡದಿಂದ ತುಟಿಗೆ. ಹೋಲಿಕೆ ನಿಲ್ಲೋದೇ ಅಲ್ಲಿ. ಮುಖಾನ ಪಕ್ಕಕ್ಕೆ ತಿರುಗಿಸದೆ ಮೂಗು ಮುಟ್ಟಬೇಡಿ. ಯಾವ ಸ್ಲೈಡರನ್ನೂ (ಅಳತೆ ಹೆಚ್ಚು-ಕಡಿಮೆ ಮಾಡೋಕೆ ಎಳೆಯೋ ಗುಂಡಿ) ಕೊನೆವರೆಗೆ ಎಳೀಬೇಡಿ. ಸುಮ್ನೆ ನಿಂತಾಗ ಚೆನ್ನಾಗಿರುತ್ತೆ, ಮಾತಾಡೋಕೆ ಶುರು ಮಾಡಿದ್ರೆ ಹಲ್ಲು ತುಟಿ ದಾಟಿ ಇಣುಕಬಹುದು. ಅನಿಮೇಷನ್ ಮಾಡಿರೋದು ಸಾಧಾರಣ ಅಳತೆಯ ಮುಖಕ್ಕೆ.

ಜಿಟಿಎ ಆನ್‌ಲೈನ್ ಅನ್ನೋ ಗೇಮ್‌ನ ದಾರಿ ಬೇರೆ. ಅಲ್ಲಿ ಮೊದಲು ಪಾತ್ರಕ್ಕೆ ಅಪ್ಪ, ಅಮ್ಮನ್ನ ಆರಿಸ್ಬೇಕು. ಹೋಲಿಕೆಗೆ ಒಂದು ಸ್ಲೈಡರ್, ಬಣ್ಣಕ್ಕೆ ಇನ್ನೊಂದು. ಅಪ್ಪನ ಮುಖಕ್ಕೆ ಅಮ್ಮನ ಬಣ್ಣ ಹಚ್ಚಬಹುದು.

ಇನ್ನು ಬಣ್ಣ. ಮುಖ ಮಾಡೋ ಸ್ಕ್ರೀನ್‌ನ ಬೆಳಕು ಬೇರೆ, ಆಟದೊಳಗಿನ ಬಿಸಿಲು ಬೇರೆ. ಅಲ್ಲಿ ಚೆಂದ ಕಂಡ ಎಣ್ಣೆಗಪ್ಪು ಇಲ್ಲಿ ಬೂದಿ ಬಳಿದಂಗೆ ಆಗುತ್ತೆ. ಬರೀ ಕಪ್ಪು-ಬಿಳುಪಿನ ಮಟ್ಟ ನೋಡಿದ್ರೆ ಸಾಲದು, ಒಳಗಿನ ಹಳದಿ-ಕೆಂಪು ಛಾಯೆ ಹೊಂದಬೇಕು. ಒಂದ್ಸಲ ಹಗಲಲ್ಲಿ ಓಡಾಡಿ ನೋಡಿ, ಸರಿಯಿಲ್ಲ ಅಂದ್ರೆ ತಿದ್ದಿ. ತಿದ್ದೋಕೆ ಬಿಡುತ್ತಾ ಅನ್ನೋದನ್ನ ಮೊದಲೇ ತಿಳ್ಕೊಳ್ಳಿ. ಸೈಬರ್‌ಪಂಕ್ 2077 ಅನ್ನೋ ಗೇಮ್ ಬಂದಿದ್ದು 2020ರಲ್ಲಿ. ಕನ್ನಡಿ ಮುಂದೆ ನಿಂತು ಮುಖ ಬದಲಾಯಿಸೋ ಸೌಲಭ್ಯ ಸಿಕ್ಕಿದ್ದು 2022ರ 1.5 ಅಪ್‌ಡೇಟ್‌ನಲ್ಲಿ!

ಸೀರೆ ಹುಡುಕ್ತಿದ್ರೆ ಸ್ವಲ್ಪ ತಾಳ್ಮೆ ಬೇಕು. ಪ್ಯಾಂಟ್ ಕಾಲಿನ ಜೊತೆಗೇ ಮಡಚುತ್ತೆ. ನೆರಿಗೆ, ಸೆರಗು ಹಾಗಲ್ಲ, ಓಡಿದ್ರೆ ಮೈಯೊಳಗೆ ತೂರುತ್ತೆ. ಉದ್ದ ಜಡೆಗೂ ಇದೇ ಪಾಡು. ನಮ್ಮ ಕಡೆಯ ಉಡುಗೆ ಬೇಕಿದ್ರೆ ಸಿಮ್ಸ್ 4 ಗೇಮ್‌ಗೆ 2021ರಲ್ಲಿ ಬಂದ ಫ್ಯಾಷನ್ ಸ್ಟ್ರೀಟ್ ಕಿಟ್ (ಗೇಮ್‌ಗೆ ಸೇರಿಸ್ಕೊಳ್ಳೋ ಚಿಕ್ಕ ಪ್ಯಾಕ್) ನೋಡಿ, ಆದ್ರೆ ಅದಕ್ಕೆ ಬೇರೆ ದುಡ್ಡು.

ಎತ್ತರಾನ ಹುಷಾರಾಗಿ ಆರಿಸಿ. ಉದ್ದನೆ ಅವತಾರ್ ಸಿಕ್ಕವರು ಚೌಕಾಸೀಲಿ ಹೆಚ್ಚು ಪಟ್ಟು ಹಿಡೀತಾರೆ ಅಂತ ಸಂಶೋಧಕರಾದ ನಿಕ್ ಯೀ, ಜೆರೆಮಿ ಬೈಲೆನ್ಸನ್ 2007ರಲ್ಲೇ ತೋರಿಸಿದ್ರು.

ಕೊನೇಗೆ ಸ್ಲೈಡರ್ ಇರೋ ಒಂದೊಂದು ಪುಟಾನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಸೇವ್ ಫೈಲ್ ಹೋದ್ರೆ ಅದೇ ಮುಖ ಮತ್ತೆ ಮಾಡ್ಕೊಬಹುದು.